ಬೀಗರು ಹುಡುಕಿದ ಕತ್ತಲು

ಇದನ್ನು ಹೇಳುವುದನ್ನು ನಾನು ಬಹಳ ವರ್ಷ ಮುಂದೂಡಿಕೊಂಡು ಬಂದೆ. ಈ ಸುಗ್ಗಿ ಮುಗಿಯಲಿ, ಮುಂದಿನ ಹಬ್ಬ ಆಗಲಿ, ಮೊಣಕಾಲಿನ ನೋವು ಕಡಿಮೆಯಾಗಲಿ ಎಂದು ಒಂದಲ್ಲ ಒಂದು ನೆವ ಸಿಗುತ್ತಲೇ ಇತ್ತು. ನೆವ ಹುಡುಕುವುದರಲ್ಲಿ ನಾನು ಮೊದಲಿನಿಂದಲೂ ಜಾಣ. ಹೇಳಿದರೆ ಮನೆಯ ಮಾತು ಹೊರಗೆ ಹೋಗುತ್ತದೆ ಎಂಬುದು ಇನ್ನೊಂದು ನೆವ. ಮನೆಯ ಮಾತು ಹೊರಗೆ ಹೋಗಿ ಎಷ್ಟೋ ಕಾಲವಾಗಿದೆ. ನನ್ನ ಬಾಯಿಂದ ಹೋಗಿಲ್ಲ, ಅಷ್ಟೇ.

ಹೋದ ತಿಂಗಳು ತೊಗರಿಯ ಧಾರಣೆ ವಿಚಾರಿಸಲು ಸಿಂದಗಿಗೆ ಹೋಗಿದ್ದೆ. ತಿರುಗಿ ಬರುವಾಗ ನಮ್ಮ ತಾಲೂಕಿನ ಊರಾದ ಇಂಡಿಯ ಬಸ್ಸಿನಲ್ಲಿ ನನ್ನ ಪಕ್ಕ ಮಫ್ಲರ್ ಸುತ್ತಿಕೊಂಡವರೊಬ್ಬರು ಕುಳಿತಿದ್ದರು. ಊರು ದಾಟಿ ಥಂಡಿ ಗಾಳಿ ಕಿಡಕಿಯಿಂದ ನುಗ್ಗಿದ ಮೇಲೆ ಅವರು ಕಿಸೆಯಿಂದ ಕರವಸ್ತ್ರ ತೆಗೆದು ಮೂಗಿಗೆ ಹಿಡಿದರು. ನೀಲಗಿರಿ ಎಣ್ಣೆಯ ವಾಸನೆ ಬಂತು. ನಾನು ನನಗೆ ತಿಳಿಯದೆಯೇ ಅವರ ಕಡೆ ಸರಿದು, ಮುಖ ಮುಂದೆ ಮಾಡಿ, ಆ ವಾಸನೆಯನ್ನು ಇನ್ನೊಮ್ಮೆ ಎಳೆದುಕೊಂಡೆನೆಂದು ಕಾಣುತ್ತದೆ. ಅವರು ನನ್ನನ್ನು ಕಣ್ಣ ಮೂಲೆಯಿಂದ ನೋಡಿ, ಎದೆಯ ಮೇಲಿನ ಕಿಸೆಯನ್ನು ಒಮ್ಮೆ ಮುಟ್ಟಿಕೊಂಡರು. ಅವರದು ತಪ್ಪಲ್ಲ. ನಾನಾಗಿದ್ದರೂ ಅದನ್ನೇ ಮಾಡುತ್ತಿದ್ದೆ. ಅದಕ್ಕಿಂತ ಹೆಚ್ಚೇ ಮಾಡುತ್ತಿದ್ದೆ…

ನಮ್ಮ ಬೀಗರ ಕರವಸ್ತ್ರಕ್ಕೂ ಅದೇ ವಾಸನೆ ಇರುತ್ತಿತ್ತು.

ಬೀಗರೆಂದರೆ ನನ್ನ ಮಗಳ ಮಾವ. ಮುದ್ದೇಬಿಹಾಳದವರು. ಉದ್ದಕ್ಕೆ, ತೆಳ್ಳಗೆ ಇದ್ದರು. ಥಂಡಿ ಅವರಿಗೆ ಆಗಿಬರುತ್ತಿರಲಿಲ್ಲ, ಮಾರ್ಗಶಿರ ಬಂತೆಂದರೆ ಸೀನುವುದಕ್ಕೆ ಶುರು ಮಾಡುತ್ತಿದ್ದರು. ಮೋಜಣಿ ಇಲಾಖೆಯಲ್ಲಿ ನೌಕರಿ ಮಾಡಿ ನಿವೃತ್ತರಾಗಿದ್ದರು. ಹೊಲ ಅಳೆಯುವುದು, ಅದರ ಹದ್ದು, ಅಂದರೆ ಗಡಿ, ತೋರಿಸುವುದು, ಜಗಳವಾಡಿ ಬೇರೆಯಾದ ಅಣ್ಣತಮ್ಮಂದಿರ ನಡುವೆ ಬಾಂದಗಲ್ಲು ನಿಲ್ಲಿಸುವುದು ಅವರ ಕೆಲಸವಾಗಿತ್ತು. ಮೋಜಣಿದಾರ ಹೊಲದ ಬದುವಿನ ಮೇಲೆ ಕಂಡನೆಂದರೆ ಯಾವುದೋ ಮನೆ ಒಡೆಯಿತು ಎಂದೇ ನಮ್ಮಂಥ ಒಕ್ಕಲಿನವರ ಲೆಕ್ಕ. ಆದರೂ ಹುಡುಗ ಒಳ್ಳೆಯವನು, ಮನೆತನ ಒಳ್ಳೆಯದು ಎಂದು ಮಗಳನ್ನು ಕೊಟ್ಟಿದ್ದೆ. ಅಲ್ಲಿ ಆಕೆಗೆ ಯಾವ ಕೊರತೆಯೂ ಇರಲಿಲ್ಲ. ಮಾವ ಸೊಸೆ ಸಂಜೆ ಮಾಳಿಗೆ ಏರಿ ಚಿಕ್ಕಿ ನೋಡುತ್ತ ಕೂಡುತ್ತಾರೆ ಎಂದು ನನ್ನ ಹೆಂಡತಿ ಒಮ್ಮೆ ನಗುತ್ತ ಹೇಳಿದ್ದಳು. ನಮ್ಮ ಕಡೆ ನಕ್ಷತ್ರಕ್ಕೆ ಚಿಕ್ಕಿ ಎನ್ನುತ್ತೇವೆ. ನಾನು ಆ ಮಾತನ್ನು ಕಿವಿಯ ಮೇಲೆ ಹಾಕಿಕೊಂಡಿರಲಿಲ್ಲ.

ನಮ್ಮ ಹೊಲ ಹೊರ್ತಿಯ ಹತ್ತಿರ. ಊರ ಕಡೆಗೆ ನಿಂಬೆಯ ತೋಟ, ಅದರ ಹಿಂದೆ ಜೋಳ ತೊಗರಿ ಬೆಳೆಯುವ ಎರೆ, ಅದರಾಚೆ ಬೋಳು ದಿನ್ನೆ. ಆ ದಿನ್ನೆಯ ಮೇಲೆ ನಮ್ಮ ಹಳೆಯ ಕಣ ಇತ್ತು. ರಾಶಿ ಮಾಡುವ ಮಷೀನು ಬಂದ ಮೇಲೆ ಕಣದ ಕೆಲಸ ನಿಂತು, ಅಲ್ಲಿ ಹುಲ್ಲು ಬೆಳೆದು, ಅದು ಕಣವಾಗಿತ್ತು ಎಂಬುದೂ ಮರೆತುಹೋಗಿತ್ತು.

ನಾನು ಹೇಳಬೇಕಾದ ವರ್ಷ ನಮ್ಮ ಕಡೆ ಒಂದು ಹೆದರಿಕೆ ಹರಡಿತ್ತು. ಬಸವನ ಬಾಗೇವಾಡಿಯಲ್ಲಿರುವ ನನ್ನ ಮೈದುನ, ಅಂದರೆ ಹೆಂಡತಿಯ ತಮ್ಮ, ವಾರಕ್ಕೊಮ್ಮೆ ಫೋನು ಮಾಡಿ ಆ ಹೆದರಿಕೆಗೆ ಎಣ್ಣೆ ಹೊಯ್ಯುತ್ತಿದ್ದ. ಅವನ ಓಣಿಯ ಒಬ್ಬರ ಮೇಲೆ ಅವರ ಅಳಿಯನೇ ಕೋರ್ಟಿಗೆ ಹೋಗಿದ್ದನಂತೆ. ಹೆಂಡತಿಗೆ ಅವಳ ಅಪ್ಪನ ಹೊಲದಲ್ಲಿ ಪಾಲು ಬೇಕೆಂದು. ಕಾಯ್ದೆ ಹಾಗೆಯೇ ಇದೆ, ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಹಕ್ಕು. ಈಗ ಯೋಚಿಸಿದರೆ ಅದರಲ್ಲಿ ಹೆದರುವಂಥದ್ದೇನೂ ಇಲ್ಲ. ಆಗ ಮಾತ್ರ ನಮಗೆ ಅಳಿಯಂದಿರ ಮುಖ ಕಂಡರೆ ಬಾಂದಗಲ್ಲು ಕಂಡಂತಾಗುತ್ತಿತ್ತು. ಜಾಣರು ಹೆಣ್ಣುಮಕ್ಕಳನ್ನು ಇಂಡಿಗೆ ಕರೆದುಕೊಂಡು ಹೋಗಿ ಹಕ್ಕು ಬಿಟ್ಟ ಪತ್ರಕ್ಕೆ ಸಹಿ ಮಾಡಿಸುತ್ತಿದ್ದರು. ನನಗೂ ಮಗಳಿಗಿಂತ ಚಿಕ್ಕವನೊಬ್ಬ ಮಗನಿದ್ದ, ಪರ ಊರಿನಲ್ಲಿ ಓದುತ್ತಿದ್ದ; ಆದರೂ ನಾನು ಇನ್ನೂ ಮಾಡಿಸಿರಲಿಲ್ಲ. ಕೇಳಲು ಬಾಯಿ ಬಂದಿರಲಿಲ್ಲ.

ಅಂಥ ಹೊತ್ತಿನಲ್ಲಿ, ಡಿಸೆಂಬರ್ ತಿಂಗಳಲ್ಲಿ, ಬೀಗರು ಮಗಳನ್ನು ಕರೆದುಕೊಂಡು ನಮ್ಮ ಮನೆಗೆ ಬಂದರು. ಹಬ್ಬವಿಲ್ಲ, ಕಾರ್ಯವಿಲ್ಲ, ಮೊದಲು ಒಂದು ಫೋನೂ ಇಲ್ಲ. ಮುಂದೆ ಬರುವ ಎಳ್ಳಮಾಸಿ, ಅಂದರೆ ಎಳ್ಳು ಅಮಾವಾಸ್ಯೆ, ಮುಗಿಸಿಕೊಂಡು ಹೋಗುತ್ತಾಳೆ, ಅಲ್ಲಿಯವರೆಗೆ ಇರಲಿ ಎಂದರು. ಹೆಂಡತಿಯನ್ನು ತವರಿಗೆ ಗಂಡ ಬಂದು ಬಿಟ್ಟು ಹೋಗುವುದು ರೂಢಿ. ಮಾವ ಯಾಕೆ ಬಂದ? ಚೀಲ ಇಳಿಸಿಕೊಳ್ಳುವಾಗಲೇ ನನ್ನ ತಲೆಯಲ್ಲಿ ಈ ಪ್ರಶ್ನೆ ಎದ್ದಿತ್ತು.

ರಾತ್ರಿ ಊಟಕ್ಕೆ ಕುಳಿತಾಗ ಬೀಗರು ತಾವಾಗಿಯೇ ಬಂದ ಕಾರಣ ಹೇಳಿದರು.

"ಈ ವಾರದಾಗ ಒಂದು ರಾತ್ರಿ ಮುಗಿಲಿನಿಂದ ಚಿಕ್ಕಿ ಉದುರ್ತಾವ್ರಿ ಬೀಗರ. ಒಂದೆರಡಲ್ಲ, ಹಂಚಿನ ಮ್ಯಾಲ ಜ್ವಾಳದ ಅಳ್ಳು ಸಿಡಿದಂಗ. ಪೇಪರದಾಗ ಬರದಾರ. ನಮ್ಮೂರಾಗ ಬೀದಿದೀಪದ ಬೆಳಕ ಭಾಳ, ಏನೂ ಕಾಣಂಗಿಲ್ಲ. ನಿಮ್ಮ ಹೊಲದಾಗ ಒಂದು ಚಲೋ ಜಾಗಾ ಹುಡುಕೂಣಂತ ಬಂದೇನಿ."

ಎಂಥ ಜಾಗ ಬೇಕು ಎಂದು ಕೇಳಿದೆ.

"ಎತ್ತರ ಇರಬೇಕ್ರಿ. ಗಿಡಾ ಇರಬಾರದು, ದೀಪ ಇರಬಾರದು, ಮಂದಿ ಬರಬಾರದು."

ನನ್ನ ಕೈ ರೊಟ್ಟಿಯ ಮೇಲೆಯೇ ನಿಂತಿತು. ನಲವತ್ತು ವರ್ಷ ಒಕ್ಕಲುತನ ಮಾಡಿದವನಿಗೆ ಕತ್ತಲೆಯ ಜಾಗ, ಮಂದಿ ಬಾರದ ಜಾಗ ಎಂದರೆ ಒಂದೇ ಅರ್ಥ: ಕದ್ದುಮುಚ್ಚಿ ಮಾಡುವ ಕೆಲಸ. ಮೇಲಾಗಿ ನಮ್ಮವ್ವ ಚಿಕ್ಕಿ ಉದುರಿದ್ದು ಕಂಡರೆ ಎಲ್ಲೋ ಒಂದು ಜೀವ ಹೋಯಿತೆಂದು ಮುಖ ತಿರುಗಿಸುತ್ತಿದ್ದಳು. ಅದನ್ನು ನೋಡಲಿಕ್ಕೆಂದೇ ಮುದ್ದೇಬಿಹಾಳದಿಂದ ಬಸ್ಸು ಬದಲಾಯಿಸುತ್ತ ಬರುವವರುಂಟೇ? ನಾನು ಮಗಳ ಕಡೆ ನೋಡಿದೆ. ಆಕೆ ತಲೆ ತಗ್ಗಿಸಿ ಚಟ್ನಿ ಬಡಿಸುತ್ತಿದ್ದಳು. ನನ್ನ ಕಣ್ಣು ತಪ್ಪಿಸುತ್ತಿದ್ದಾಳೆ ಎಂದೆನಿಸಿತು. ಹೆಂಡತಿ ಮಾತ್ರ ನಕ್ಕು, ಈ ವಯಸ್ಸಿನಲ್ಲಿ ಇದೇನು ಹುಚ್ಚು ಎಂದಳು.

"ನೌಕರಿ ಪೂರ್ತಿ ಮಂದಿ ಹೊಲದ ಹದ್ದು ನೋಡಿ ನೋಡಿ ಕುತ್ತಿಗಿ ಕೆಳಗ ಬಾಗೇತ್ರಿ ಯವ್ವಾ," ಎಂದರು ಬೀಗರು. "ಇನ್ನೊಂದೀಟು ಮ್ಯಾಲ ನೋಡೂಣು."

ಎಲ್ಲರೂ ನಕ್ಕರು. ನಾನೂ ನಕ್ಕೆ. ಒಳಗೆ ನಗಲಿಲ್ಲ.

ಮರುದಿನ ಮುಂಜಾನೆ ಬೀಗರು ಒಬ್ಬರೇ ಹೊಲದ ಕಡೆ ಹೊರಟರು. ನಾನೂ ಬರುತ್ತೇನೆ ಎಂದೆ. ಬೇಡ, ನೀವು ನಿಮ್ಮ ಕೆಲಸ ನೋಡಿಕೊಳ್ಳಿ ಎಂದರು. ಬೇಡ ಎಂದದ್ದು ಯಾಕೆ? ನಾನು ಸ್ವಲ್ಪ ಹೊತ್ತು ತಡೆದು ಹಿಂದೆಯೇ ಹೋಗಿ ನಿಂಬೆಯ ಗಿಡಗಳ ಮರೆಯಲ್ಲಿ ನಿಂತೆ. ಬೀಗರು ಬದುವಿನ ಮೇಲೆ ನಡೆದು, ಜೋಳದ ಹೊಲ ದಾಟಿ, ದಿನ್ನೆ ಏರಿದರು. ಅಲ್ಲಿ ನಿಂತು ಒಂದು ಕಣ್ಣು ಮುಚ್ಚಿ, ಬಲಗೈಯನ್ನು ನೇರಕ್ಕೆ ಚಾಚಿ, ಮುಷ್ಟಿ ಕಟ್ಟಿದರು. ಅದರ ಮೇಲೆ ಎಡಗೈಯ ಮುಷ್ಟಿ ಇಟ್ಟರು. ಮತ್ತೆ ಅದರ ಮೇಲೆ ಬಲಗೈಯದು. ಹೀಗೆ ಮೂಡಣ ದಿಕ್ಕಿಗೆ, ಆಮೇಲೆ ನನ್ನ ತೋಟದ ಕಡೆಗೆ, ಆಮೇಲೆ ಪಕ್ಕದ ಹೊಲದವನ ಕರೆಂಟಿನ ಟಿ.ಸಿ. ಕಂಬದ ಕಡೆಗೆ ಮಾಡಿದರು. ಕಡೆಗೆ ಬಗ್ಗಿ ನಾಲ್ಕಾರು ಕಲ್ಲು ಆಯ್ದು ಒಂದು ಗುಂಪು ಹಾಕಿ, ಸ್ವಲ್ಪ ದೂರದಲ್ಲಿ ಇನ್ನೊಂದು ಗುಂಪು ಹಾಕಿದರು.

ಮುಗಿಲು ನೋಡುವವರಿಗೆ ಕಲ್ಲಿನ ಗುಂಪು ಯಾಕೆ ಬೇಕು? ಸರಪಳಿ ಇಲ್ಲದೆ ಕೈಯಳತೆಯಲ್ಲೇ ಹೊಲ ಅಳೆಯುವ ವಿದ್ಯೆ ಹಳೆಯ ಮೋಜಣಿದಾರರಿಗೆ ಇರುತ್ತದೆ ಎಂದು ನಾನು ಎಲ್ಲೋ ಕೇಳಿದ್ದೆ. ಕೇಳಿದ್ದೆನೋ, ಅಲ್ಲಿ ನಿಂತಾಗಲೇ ಹುಟ್ಟಿಸಿಕೊಂಡೆನೋ, ಈಗ ಹೇಳಲಾರೆ.

ಮಧ್ಯಾಹ್ನ ಅವರು ನನ್ನನ್ನು ಕೇಳಿದ್ದು ಇನ್ನೂ ವಿಚಿತ್ರವಾಗಿತ್ತು. ನಿಮ್ಮ ಹಳೆಯ ಕಣ ಎಲ್ಲಿತ್ತು, ಸರಿಯಾಗಿ ಯಾವ ಜಾಗ, ಅದು ಈಗಲೂ ನಿಮ್ಮ ಹೆಸರಿನಲ್ಲೇ ಇದೆಯೇ ಎಂದರು. ಮತ್ತೊಬ್ಬರ ಹೊಲವಾಗಿದ್ದರೆ ರಾತ್ರಿ ಹೋಗಿ ಮಲಗುವುದು ಸರಿಯಲ್ಲ, ಅದಕ್ಕೇ ಕೇಳಿದೆ ಎಂದು ತಾವೇ ಕಾರಣವನ್ನೂ ಕೊಟ್ಟರು. ಕೇಳದೆಯೇ ಕಾರಣ ಕೊಡುವವನನ್ನು ನಂಬಬಾರದು ಎಂದುಕೊಂಡೆ. ಕಣ ಎಲ್ಲಿತ್ತೋ ನೆನಪಿಲ್ಲ ಎಂದು ಸುಳ್ಳು ಹೇಳಿದೆ.

ಅಂದು ಸಂಜೆ ಪಕ್ಕದ ಹೊಲದವನು ನಮ್ಮ ಕಟ್ಟೆಗೆ ಬಂದು ಕುಳಿತ. ಎಲೆ ಅಡಿಕೆ ಹಾಕಿಕೊಂಡು, ಆಚೆ ಈಚೆ ನೋಡಿ, ನನ್ನ ಕಿವಿಯ ಹತ್ತಿರ ಬಂದ.

"ನಿಮ್ಮ ಬೀಗರು ಥ್ರೀ ಫೇಜ್ ಕರೆಂಟ ಯಾವಾಗ ಬರ್ತೈತಿ, ಯಾವಾಗ ಹೋಗ್ತೈತಿ ಅಂತ ಕೇಳಿದ್ರು. ಬೋರಿನ ಮುಂದಿನ ಬಲ್ಬ ಒಂದು ರಾತ್ರಿ ಬಂದ್ ಮಾಡ್ತಿಯೇನಪಾ ಅಂದ್ರು. ಕತ್ತಲ ಬೇಕಂತ. ಏನ್ ಮಾಡಾಕತ್ತಾರ ಅವ್ರು?"

ನನಗೇನು ಗೊತ್ತು ಎಂದೆ. ಅವನು ಎದ್ದು ಹೋದ ಮೇಲೆ ಬೀಗರನ್ನು ಹುಡುಕುತ್ತ ಎದ್ದೆ. ಹಿತ್ತಲಿಗೆ ಹೋದರೆ ಅಲ್ಲಿ ಬೀಗರೂ ಮಗಳೂ ಬೇವಿನ ಗಿಡದ ಕೆಳಗೆ ನಿಂತು ಸಣ್ಣ ದನಿಯಲ್ಲಿ ಮಾತಾಡುತ್ತಿದ್ದರು. ಹಳೆಯ ಜಂಪರಿನ ಕೆಂಪು ಅರಿವೆಯನ್ನು ಮಗಳು ಬ್ಯಾಟರಿಯ ಗಾಜಿಗೆ ಸುತ್ತಿ ದಾರದಿಂದ ಕಟ್ಟುತ್ತಿದ್ದಳು. ನನ್ನ ಹೆಜ್ಜೆಯ ಸಪ್ಪಳಕ್ಕೆ ಮಾತು ನಿಂತಿತು. ಬೆಳಕು ದೂರಕ್ಕೆ ಕಾಣಬಾರದೆಂದು ಬ್ಯಾಟರಿಗೆ ಅರಿವೆ ಕಟ್ಟುವವರು ಯಾರು ಎಂಬುದು ನನಗೆ ಗೊತ್ತಿತ್ತು. ಆದರೆ ನನ್ನ ಮಗಳು…

ಮೈದುನನಿಗೆ ಫೋನು ಮಾಡಿದೆ. ಅವನು ಎಲ್ಲವನ್ನೂ ಕೇಳಿ, ಮೊದಲು ಜೋರಾಗಿ ನಕ್ಕ.

"ಮಾವಾ, ಮೋಜಣಿದಾರ ಹೊಲದಾಗ ನಿಂತು ಮುಗಿಲ ನೋಡ್ತಾನಂದ್ರ ನಂಬ್ತೀರೇನು? ಅವಾ ನೆಲಾ ನೋಡಿ ಪಗಾರ ತಿಂದಾಂವ. ಕತ್ತಲಾಗ ಬಾಂದಗಲ್ಲು ಹುಗೀತಾನ, ಇಲ್ಲಾ ಗುರುತು ಹಾಕ್ತಾನ. ನಾಳಿ ಹೊಲಾ ಒಡದು ಪೋಡಿ ಮಾಡಾಕ ಅರ್ಜಿ ಬಂದ್ರ ನನ್ನ ಕೇಳಬ್ಯಾಡ್ರಿ. ಅದಕ್ಕೂ ಮೊದಲ ಮಗಳ ಸಹಿ ಮಾಡಿಸಿಬಿಡ್ರಿ."

ಈಗ ಯಾರೇ ಕೇಳಿದರೂ ನಗುವಂಥ ಮಾತು. ನನ್ನ ಹೊಲದ ನಡುವೆ ಕಲ್ಲು ಹುಗಿದರೆ ಹೊಲ ಅವರದಾಗುತ್ತದೆಯೇ? ಆದರೆ ಸಂಶಯ ಒಮ್ಮೆ ಒಳಗೆ ಬಂದು ಕುಳಿತರೆ ಅದಕ್ಕೆ ಬೇಕಾದದ್ದೆಲ್ಲ ತಾನೇ ತಂದುಕೊಳ್ಳುತ್ತದೆ. ಹೆಂಡತಿಗೆ ಹೇಳಿದೆ. ಆಕೆ, ಮಗಳನ್ನೇ ಒಂದು ಮಾತು ಕೇಳಿ ನೋಡ್ರಿ, ಆಕಿ ನಿಮ್ಮ ಮುಂದ ಸುಳ್ಳು ಹೇಳಂಗಿಲ್ಲ ಎಂದಳು. ಅದೊಂದು ದಾರಿ ಇತ್ತು. ನನ್ನ ಕಣ್ಣ ಮುಂದೆಯೇ ಇತ್ತು. ನಾನು ಅದನ್ನು ಬಿಟ್ಟು ಮೈದುನ ಹೇಳಿದ ದಾರಿ ಹಿಡಿದೆ.

ಚಿಕ್ಕಿ ಉದುರುವ ದಿನ ಎಂದು ಬೀಗರು ಹೇಳಿದ್ದ ದಿನವೇ ಮುಂಜಾನೆ ಮಗಳಿಗೆ, ಇಂಡಿಗೆ ಹೋಗಿ ಬಳೆ ಇಡಿಸಿಕೊಂಡು ಬರೋಣ ನಡೆ ಎಂದೆ. ತವರಿಗೆ ಬಂದ ಹೆಣ್ಣುಮಗಳು ಬರಿಗೈಯಲ್ಲಿ ಹೋಗಬಾರದು ಎಂದೆ. ಆಕೆಯ ಮುಖ ಅರಳಿತು. ರೇಷನ್ ಕಾರ್ಡಿನ ಕೆಲಸವೂ ಇದೆ, ಗುರುತಿನ ಚೀಟಿ ಇಟ್ಟುಕೋ ಎಂದೆ. ಯಾಕೆ ಎಂದು ಕೇಳಲಿಲ್ಲ. ಅಪ್ಪ ಹೇಳಿದ ಎಂದು ಇಟ್ಟುಕೊಂಡಳು. ಬೀಗರು ಬಾಗಿಲವರೆಗೂ ಬಂದು, ಹೊತ್ತು ಮುಳುಗುವುದರೊಳಗೆ ತಿರುಗಿ ಬನ್ನಿ, ಇವತ್ತಿನ ರಾತ್ರಿ ತಪ್ಪಿದರೆ ಮತ್ತೆ ಒಂದು ವರ್ಷ ಕಾಯಬೇಕು ಎಂದರು. ಎಷ್ಟು ಅವಸರ ಇವರಿಗೆ ಎಂದು ಮನಸ್ಸಿನಲ್ಲೇ ಅಂದುಕೊಂಡೆ.

ಇಂಡಿಯಲ್ಲಿ ಮೈದುನ ಪತ್ರ ಬರೆಸಿ ಇಟ್ಟುಕೊಂಡು ನೋಂದಣಿ ಕಚೇರಿಯ ಮುಂದೆ ಕಾಯುತ್ತಿದ್ದ. ಸೋದರಮಾವನನ್ನು ಕಂಡು ಮಗಳು ಮೊದಲು ಸಂತೋಷಪಟ್ಟಳು. ಆಮೇಲೆ ಅವನ ಕೈಯಲ್ಲಿದ್ದ ಕಾಗದ ನೋಡಿದಳು. ಇದೇನು ಎಂದು ನನ್ನನ್ನು ಕೇಳಿದಳು. ಏನಿಲ್ಲ, ಎಲ್ಲ ಕಡೆ ಮಾಡುವ ಪದ್ಧತಿ ಎಂದೆ. ಆಕೆ ಓದು ಬಲ್ಲವಳು. ನಿಂತುಕೊಂಡೇ ಪೂರ್ತಿ ಓದಿದಳು. ಒಳಗೆ ಅಧಿಕಾರಿ, ಸ್ವಂತ ಮನಸ್ಸಿನಿಂದ ಹಕ್ಕು ಬಿಡುತ್ತೀರಾ ಎಂದು ಕೇಳಿದರು. ಮಗಳು ನನ್ನ ಮುಖ ನೋಡಿದಳು. ನಾನು ಗೋಡೆ ನೋಡಿದೆ. "ಹೌದ್ರಿ" ಎಂದು ಸಹಿ ಮಾಡಿ, ಹೆಬ್ಬೆಟ್ಟು ಒತ್ತಿದಳು.

ಹೊರಗೆ ಬಂದ ಮೇಲೆ ನಾನು, ಹೇಳಿದ್ದೇನಲ್ಲ ಎಂದು, ಬಳೆಯ ಅಂಗಡಿಗೆ ಕರೆದುಕೊಂಡು ಹೋದೆ. ಆಕೆ ಬಂದಳು. ಕುಳಿತು ಕೈ ಚಾಚಿದಳು. ಬಳೆಗಾರ ಅಂಗೈ ಹಿಸುಕಿ ಹಸಿರು ಬಳೆ ಏರಿಸುತ್ತ, ನೋವಾದರೆ ಹೇಳವ್ವ ಎಂದ. ಇಲ್ಲ ಎಂದಳು. ಎರಡೂ ಕೈ ಮುಗಿದ ಮೇಲೆ ಅವುಗಳನ್ನು ಮಡಿಲಲ್ಲಿಟ್ಟುಕೊಂಡು, ನನ್ನ ಕಡೆ ನೋಡದೆ ಹೇಳಿದಳು:

"ಮನ್ಯಾಗ ಕೇಳಿದ್ರ ಅಲ್ಲೇ ಕೊಡತಿದ್ನಲ್ಲೋ ಅಪ್ಪಾ. ಬಳಿ ಹೆಸರ ಯಾಕ ಹೇಳಿದಿ?"

ಬಸ್ಸಿಗೆ ಹೊತ್ತಾಯಿತು ಎಂದೆ.

ಮನೆಗೆ ಬಂದಾಗ ಬೀಗರು ಸಿದ್ಧರಾಗಿದ್ದರು. ಕಂಬಳಿ, ಚಾಪೆ, ಆ ಬ್ಯಾಟರಿ, ನೀಲಗಿರಿ ಎಣ್ಣೆ ಹಾಕಿದ ಹೊಸ ಕರವಸ್ತ್ರ. ಮಗಳು ತಲೆ ನೋವೆಂದು ಹೇಳಿ ಒಳಗಿನ ಕೋಣೆಯಲ್ಲಿ ಮಲಗಿಬಿಟ್ಟಳು. ಬೀಗರು ಬಾಗಿಲ ಹೊರಗೆ ನಿಂತು, ನಡಿ ತಂಗಿ, ಬಯಲಿಗೆ ಹೋದರೆ ತಲೆನೋವು ಹೋಗುತ್ತದೆ ಎಂದು ಕರೆದರು. ನೀವು ಹೋಗಿಬರ್ರಿ ಮಾವಾರ ಎಂಬ ದನಿ ಬಂತು. ಅವರು ಎಲ್ಲ ಸಾಮಾನು ಒಬ್ಬರೇ ಹೊತ್ತುಕೊಂಡು ಹೊರಟರು.

ನಾನು ಬೆನ್ನು ಹತ್ತಿದೆ. ಪತ್ರ ನನ್ನ ಟ್ರಂಕಿನಲ್ಲಿ ಭದ್ರವಾಗಿತ್ತು. ಹೆದರುವುದಕ್ಕೆ ಇನ್ನೇನೂ ಉಳಿದಿರಲಿಲ್ಲ. ಆದರೂ ಕಾಲು ಕೇಳಲಿಲ್ಲ. ಪಕ್ಕದ ಹೊಲದವನು ಪಾಪ, ಮಾತು ಉಳಿಸಿಕೊಂಡು ಬಲ್ಬು ಆರಿಸಿದ್ದ. ನನ್ನದೇ ಹೊಲದಲ್ಲಿ ಅಂಥ ಕತ್ತಲೆಯನ್ನು ನಾನು ಬಹಳ ವರ್ಷಗಳಿಂದ ಕಂಡಿರಲಿಲ್ಲ. ದಿನ್ನೆಯ ಮೇಲೆ ಕೆಂಪು ಬೆಳಕು ಒಮ್ಮೆ ಕಂಡು ಆರಿತು. ಜೋಳದ ಅಂಚಿನಲ್ಲಿ ಕಿವಿಗೊಟ್ಟು ನಿಂತೆ. ಅಗೆಯುವ ಸಪ್ಪಳವಿಲ್ಲ, ಕಲ್ಲಿನ ಸಪ್ಪಳವಿಲ್ಲ. ಸೀನಿದ ಸಪ್ಪಳ ಮಾತ್ರ ಬಂತು.

"ಬರ್ರಿ ಬೀಗರ," ಎಂದರು ಕತ್ತಲೆಯಿಂದಲೇ. "ಅಲ್ಲೇ ಯಾಕ ನಿಂತೀರಿ? ನಿಮ್ಮ ಮಗಳಿಗೆ ಹಾಸಿದ ಜಾಗಾ ಖಾಲಿ ಐತಿ."

ಹೋದೆ. ಎರಡು ಚಾಪೆ ಹಾಸಿದ್ದರು. ಆ ಕಲ್ಲಿನ ಗುಂಪುಗಳ ಮೇಲೆ ಕಂಬಳಿ ಮಡಿಚಿಟ್ಟು, ತಲೆ ಎತ್ತರಕ್ಕೆ ಇರುವಂತೆ ಆಸರೆ ಮಾಡಿದ್ದರು. ಮುಷ್ಟಿಯ ಲೆಕ್ಕವನ್ನೂ ನಾನು ಕೇಳದೆಯೇ ಹೇಳಿದರು. ಗಿಡ, ಕಂಬಗಳು ನೆಲದಿಂದ ಮೇಲೆ ಎಷ್ಟು ಮುಗಿಲನ್ನು ಮರೆ ಮಾಡುತ್ತವೆ ಎಂದು ನೋಡಿದರಂತೆ. ನಿಮ್ಮ ನಿಂಬೆಯ ಗಿಡಗಳು ಎರಡು ಮುಷ್ಟಿ ಮುಗಿಲು ತಿನ್ನುತ್ತವೆ, ದಿನ್ನೆ ಏರಿದರೆ ಒಂದೂ ತಿನ್ನುವುದಿಲ್ಲ ಎಂದರು. ಬ್ಯಾಟರಿಯ ಬಿಳಿ ಬೆಳಕು ಕಣ್ಣಿಗೆ ಬಿದ್ದರೆ ಸಣ್ಣ ಚಿಕ್ಕಿ ಕಾಣುವುದಿಲ್ಲವಂತೆ, ಅದಕ್ಕೆ ಕೆಂಪು ಅರಿವೆ. ನಾನು ಮಗಳ ಚಾಪೆಯ ಮೇಲೆ ಅಂಗಾತ ಮಲಗಿದೆ. ಸ್ವಲ್ಪ ಹೊತ್ತಿಗೆ, ಕೂರಿಗಿ ಎಂದು ನಾವು ಕರೆಯುವ ಮೂರು ಚಿಕ್ಕಿಗಳ ಎಡಕ್ಕೆ, ಬೆಂಕಿಕಡ್ಡಿ ಗೀರಿದಂತೆ ಒಂದು ಗೆರೆ ಹರಿಯಿತು. ಮತ್ತೊಂದು… ಬಹಳ ಹೊತ್ತಿನ ಮೇಲೆ ಬೀಗರು, ಹೇಳಬೇಡ ಎಂದು ಸೊಸೆ ಕೇಳಿಕೊಂಡಿದ್ದಳು, ಆದರೂ ಹೇಳುತ್ತೇನೆ ಎಂದರು.

"ಇದು ನನ್ನ ಹುಚ್ಚಲ್ರಿ, ಆಕಿದು. ಸಣ್ಣಾಕಿ ಇದ್ದಾಗ ರಾಶಿ ಕಾಯಾಕ ಬಂದಾಗ ನೀವು ಆಕಿನ್ನ ಈ ಕಣದಾಗ ಮಗ್ಗಲಾಗ ಮಲಗಿಸಿಕೊಂಡಿದ್ರಂತ. ಒಂದು ಚಿಕ್ಕಿ ಉದುರಿತಂತ. ಎಲ್ಲಿ ಹೋತಪಾ ಅಂತ ಆಕಿ ಕೇಳಿದ್ರ, ನೀವು ನಮ್ಮ ಹೊಲದಾಗ ಬಿದ್ದೈತಿ, ಮುಂಜಾನೆ ಹುಡುಕು, ಸಿಕ್ಕರ ನಿನಗ ಅಂದಿದ್ರಂತ. ಮುಂಜಾನೆದ್ದು ಹೊಲಾ ಪೂರ್ತಿ ಹುಡುಕ್ಯಾಳಂತ. ಈಗೂ ಹೇಳಿ ಹೇಳಿ ನಗ್ತಾಳ. ಆ ಜಾಗಾನ ಬೇಕಂದ್ಲು, ದಿನ್ನಿ ಮ್ಯಾಲಂತ ಗುರುತೂ ಹೇಳಿದ್ಲು. ಅಪ್ಪನ್ನ ಕೇಳಾಕ ನಾಚಿಕಿ, ಇಷ್ಟ ದೊಡ್ಡಾಕಿ ಆಗಿ ಚಿಕ್ಕಿ ನೋಡ್ತಾಳಂತ ಮಂದಿ ನಗ್ತಾರಂತ. ಅದಕ್ಕ ನಾ ಬಂದ್ನಿ."

ನನಗೆ ಆ ರಾತ್ರಿ ನೆನಪಿರಲಿಲ್ಲ. ಎಷ್ಟು ತಡಕಾಡಿದರೂ ಇಂದಿಗೂ ನೆನಪಿಗೆ ಬಂದಿಲ್ಲ. ಯಾವ ಹೊಲದಲ್ಲಿ ಬಿದ್ದ ಚಿಕ್ಕಿಯನ್ನು ನಿನಗೆ ಎಂದಿದ್ದೆನೋ, ಆ ಹೊಲ ನಿನ್ನದಲ್ಲ ಎಂದು ಅಂದೇ ಮಧ್ಯಾಹ್ನ ಬರೆಸಿ ತಂದಿದ್ದೆ. ಬೀಗರಿಗೆ ಆಗಲೇ ಹೇಳಬಹುದಿತ್ತು. ಮನೆಗೆ ಓಡಿಹೋಗಿ ಮಗಳನ್ನು ಎಬ್ಬಿಸಿಕೊಂಡು ಬರಬಹುದಿತ್ತು. ಬೆಳಗಾಗಲು ಇನ್ನೂ ಬಹಳ ಹೊತ್ತಿತ್ತು, ಮುಗಿಲಿನಲ್ಲಿ ಗೆರೆಗಳು ಹರಿಯುತ್ತಲೇ ಇದ್ದವು. ನಾನು ಮಲಗಿಕೊಂಡೇ ಇದ್ದೆ. ಥಂಡಿ ಹತ್ತಿತೇನೋ, ಕಂಬಳಿ ಹೊದ್ದುಕೊಳ್ಳಿ ಎಂದು ಬೀಗರು ತಮ್ಮ ಕಂಬಳಿಯನ್ನು ನನ್ನ ಮೇಲೆ ಎಳೆದರು.

ಮುಂಜಾನೆ ಮಗಳು ಮಾವನ ಜೊತೆಗೇ ಹೊರಟು ನಿಂತಳು. ಎಳ್ಳಮಾಸಿ ಎದುರಿಗೇ ಇದೆ, ಎಲ್ಲರೂ ಹೊಲಕ್ಕೆ ಹೋಗಿ ಬೆಳೆಗೆ ನೈವೇದ್ಯದ ಚರಗ ಚೆಲ್ಲಿ ಊಟ ಮಾಡುವ ಹಬ್ಬ, ಅದನ್ನು ಮುಗಿಸಿಕೊಂಡು ಹೋಗು ಎಂದು ಹೆಂಡತಿ ಕೈ ಹಿಡಿದಳು. ನಾನೂ ಇರು ಎಂದೆ. "ಬ್ಯಾಡ್ರಿ, ಹೋಗ್ತೇನ್ರಿ" ಎಂದಳು. ಹುಟ್ಟಿದಾಗಿನಿಂದ ನನ್ನನ್ನು ನೀನು ಎಂದವಳು, ಹೊರಗಿನವರಿಗೆ ಹೇಳುವಂತೆ ಹೇಳಿದಳು. ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಒಳ್ಳೆಯದಿತ್ತು.

ಅಲ್ಲಿಂದೀಚೆಗೆ ಆಕೆ ಬರುವುದಿಲ್ಲ ಎಂದಲ್ಲ. ಕಾರ್ಯಗಳಿಗೆ ಬರುತ್ತಾಳೆ, ತಮ್ಮನ ಮಕ್ಕಳಿಗೆ ಅಂಗಿ ತರುತ್ತಾಳೆ, ತಾಯಿಯ ಜೊತೆ ಕುಳಿತು ರೊಟ್ಟಿ ಬಡಿಯುತ್ತಾಳೆ. ಸಂಜೆಯ ಬಸ್ಸಿಗೆ ಹೋಗಿಬಿಡುತ್ತಾಳೆ. ತವರಿನಲ್ಲಿ ಒಂದು ರಾತ್ರಿಯೂ ಉಳಿದಿಲ್ಲ.

ಬೀಗರಿಗೆ ವಿಷಯ ಹೇಗೋ ತಿಳಿಯಿತು. ಮಗಳು ಹೇಳಿದಳೋ, ಮೈದುನ ತನ್ನ ಜಾಣತನವೆಂದು ಊರೆಲ್ಲ ಹೇಳಿಕೊಂಡು ತಿರುಗಿದ್ದು ಮುಟ್ಟಿತೋ, ಗೊತ್ತಿಲ್ಲ. ನನ್ನ ಮುಂದೆ ಅವರು ಒಂದು ದಿನವೂ ಆ ಮಾತು ಎತ್ತಲಿಲ್ಲ. ಲಗ್ನದ ಮನೆಗಳಲ್ಲಿ ಸಿಕ್ಕರೆ ಎಂದಿನಂತೆ ಚೇಷ್ಟೆ ಮಾಡುತ್ತಿದ್ದರು. ಅವರ ನಗುವಿನ ಹಿಂದೆ ಏನೋ ಇದೆ ಎಂದು ನಾನು ಅದನ್ನೂ ಸಂಶಯದಿಂದಲೇ ನೋಡಿದೆ. ಕಾಯಿಲೆ ಬಿದ್ದು ಹಾಸಿಗೆ ಹಿಡಿದಾಗ ಮಾತ್ರ ನನಗೆ ತಡೆಯಲಾಗಲಿಲ್ಲ. ಮುದ್ದೇಬಿಹಾಳಕ್ಕೆ ಹೋಗಿ, ಅವರ ಹಾಸಿಗೆಯ ಪಕ್ಕ ಕುಳಿತು, ನಿಂಬೆಯ ಗಿಡದ ಮರೆಯಿಂದ ನೋಂದಣಿ ಕಚೇರಿಯವರೆಗೆ ಎಲ್ಲವನ್ನೂ ಹೇಳಿ, ತಪ್ಪಾಯಿತು ಎಂದು ಕೈ ಮುಗಿದೆ. ಅವರು ನಕ್ಕರು. ನಗುತ್ತಲೇ ಕೆಮ್ಮು ಬಂತು.

"ಗಿಡದ ಹಿಂದ ನೀವು ನಿಂತದ್ದು ಅವತ್ತ ಕಂಡಿದ್ನಿ ಬೀಗರ. ಮೋಜಣಿದಾರ ಹೊಲಕ್ಕ ಬಂದ್ರ ಮಂದಿ ಹಂಗ ನೋಡ್ತಾರ, ನನಗ ರೂಢಿ ಐತಿ. ನನ್ನ ಮುಂದ ಕೈ ಮುಗದದ್ದು ಸಾಕು. ಒಳಗ ಚಾ ಮಾಡಾಕತ್ತಾಳ ನೋಡ್ರಿ, ಆಕಿ ಮುಂದ ಒಂದು ಮಾತ ಹೇಳ್ರಿ."

ಮಗಳು ಚಹ ತಂದಳು. ಬಶಿಯನ್ನು ನನ್ನ ಕೈಗೆ ಕೊಟ್ಟು, ಸಕ್ಕರೆ ಕಡಿಮೆ ಹಾಕಿದ್ದೇನೆ, ಕುಡಿಯಿರಿ ಎಂದಳು. ಬೀಗರು ಗೋಡೆಯ ಕಡೆ ಹೊರಳಿ ನಿದ್ದೆ ಬಂದವರಂತೆ ಕಣ್ಣು ಮುಚ್ಚಿದರು. ನಮಗೆ ಜಾಗ ಮಾಡಿಕೊಟ್ಟರೆಂದು ಈಗ ಅನಿಸುತ್ತದೆ. ನಾನು ಚಹ ಕುಡಿದೆ. ಸಕ್ಕರೆ ಸರಿಯಾಗಿದೆ ಎಂದೆ. ಅಷ್ಟೇ ಹೇಳಿದೆ.

ಬೀಗರು ಆ ಕಾಯಿಲೆಯಿಂದ ಏಳಲಿಲ್ಲ. ಅವರ ಮಣ್ಣಿಗೆ ನಾವು ಹೋದಾಗ ಮಗಳು ಸೊಸೆಯ ಹಾಗೆ ಅಳಲಿಲ್ಲ, ಅಪ್ಪನನ್ನು ಕಳೆದುಕೊಂಡವಳ ಹಾಗೆ ಅತ್ತಳು. ಅವಳ ಅಪ್ಪ ನಾನು ಅಲ್ಲಿಯೇ ಮಂದಿಯ ನಡುವೆ ನಿಂತಿದ್ದೆ.

ಈಗ ಆ ದಿನ್ನೆಯ ಮೇಲೆ ಗಾಳಿಯಿಂದ ಕರೆಂಟು ತೆಗೆಯುವ ದೊಡ್ಡ ಫ್ಯಾನು ನಿಂತಿದೆ. ಕಂಪನಿಯವರು ಬಂದು ಜಾಗ ಕೇಳಿದಾಗ ಹೊಲದ ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ನನ್ನ ಮತ್ತು ಮಗನ ಹೆಸರು ಮಾತ್ರ ಇದ್ದವು. ಬೇರೆ ಯಾರ ಸಹಿಯೂ ಬೇಕಾಗಲಿಲ್ಲ. ಅಕ್ಕನಿಗೆ ಒಂದು ಮಾತು ಹೇಳೋಣವೇ ಎಂದು ಮಗ ಕೇಳಿದ. ಯಾಕೆ ಎಂದೆ. ಕಣವಿದ್ದ ಜಾಗದಲ್ಲಿ ಕಾಂಕ್ರೀಟು ಬಿತ್ತು. ಫ್ಯಾನಿನ ನೆತ್ತಿಯ ಮೇಲೆ ರಾತ್ರಿಯಿಡೀ ಕೆಂಪು ದೀಪ ಮಿನುಗುತ್ತದೆ. ಆಚೆ ಇನ್ನೊಂದು, ಅದರಾಚೆ ಮತ್ತೊಂದು. ಬೀಗರು ಹುಡುಕಿ ತೆಗೆದ ಆ ಕತ್ತಲೆ ಈಗ ನಮ್ಮ ಹೊಲದಲ್ಲಿ ಎಲ್ಲಿಯೂ ಇಲ್ಲ. ಮಗಳನ್ನು ಕರೆಸಿ, ಬಾ, ಇಲ್ಲಿ ಮಲಗು, ಮುಗಿಲು ನೋಡು ಎನ್ನಲು ನನ್ನ ಹತ್ತಿರ ಒಂದು ಚಾಪೆ ಹಾಸುವಷ್ಟು ಜಾಗ ಉಳಿದಿಲ್ಲ.

ಈ ಡಿಸೆಂಬರಿನಲ್ಲಿಯೂ ಚಿಕ್ಕಿ ಉದುರುತ್ತವೆ ಎಂದು ಪೇಪರಿನಲ್ಲಿ ಬಂದಿತ್ತು. ಅದನ್ನು ಓದಿ ಮುಗಿಸುವ ಹೊತ್ತಿಗೆ ಮಗಳ ಫೋನು ಬಂತು. ಆರಾಮ ಇದ್ದೀರಾ ಎಂದು ಕೇಳಿದಳು, ಮೊಣಕಾಲಿನ ಗುಳಿಗೆ ತಪ್ಪಿಸಬೇಡಿರಿ ಎಂದಳು, ತಾಯಿಗೆ ಕೊಡಿರಿ ಎಂದಳು. ಪೇಪರು ನನ್ನ ತೊಡೆಯ ಮೇಲೆಯೇ ಇತ್ತು. ಹೆಂಡತಿಯ ಕೈಗೆ ಫೋನು ಕೊಟ್ಟೆ.

ಬೀಗರನ್ನು ನೆನೆದು ಇಷ್ಟು ಬರೆದೆ. ಅವರಿಗೆ ಕೈ ಮುಗಿದಿದ್ದೇನೆ, ಅವರು ಮನ್ನಿಸಿಯೂ ಇದ್ದಾರೆ; ಅವರ ಋಣ ನನ್ನ ಮೇಲಿಲ್ಲ. ತಪ್ಪಾಯಿತು ಎಂಬ ಮಾತನ್ನು ನಾನು ಇಂದಿನವರೆಗೂ ಹೇಳದೆ ಉಳಿದದ್ದು ಇನ್ನೊಬ್ಬಳಿಗೆ. ಇಲ್ಲಿಯವರೆಗೆ ಅವಳನ್ನು ಮಗಳು, ಮಗಳು ಎಂದಷ್ಟೇ ಬರೆದೆ. ಹೆಸರು ಬರೆದರೆ ಅವಳು ಎದುರಿಗೆ ಬಂದು ನಿಲ್ಲುತ್ತಾಳೆಂಬ ಅಂಜಿಕೆ ಇತ್ತು. ಅವಳ ಹೆಸರು ಜಯಶ್ರೀ.